ನೆಲಮಾಳಿಗೆಯ ದಾಸ್ತಾನು, ಕುಟುಂಬದ ತಾಳ್ಮೆ: ಒಂದು ಷಾಂಪೇನ್ ಸಂಸ್ಥೆಯ ವ್ಯವಹಾರ ಅಧ್ಯಯನ

ವಾಣಿಜ್ಯ ಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಮೊದಲ ವರ್ಷದಲ್ಲಿಯೇ ಪರಿಚಯವಾಗುವ ಒಂದು ಅನುಪಾತವಿದೆ. ಅದು ದಾಸ್ತಾನಿನ ವಹಿವಾಟು ಅನುಪಾತ. ವರ್ಷದಲ್ಲಿ ಮಾರಾಟವಾದ ಸರಕಿನ ವೆಚ್ಚವನ್ನು ಸರಾಸರಿ ದಾಸ್ತಾನಿನಿಂದ ಭಾಗಿಸಿದರೆ ಇದು ದೊರೆಯುತ್ತದೆ. ಅನುಪಾತ ಹೆಚ್ಚಿದ್ದಷ್ಟೂ ವ್ಯಾಪಾರ ಚುರುಕಾಗಿದೆ, ಕಡಿಮೆಯಾದಷ್ಟೂ ಬಂಡವಾಳ ಗೋದಾಮಿನಲ್ಲಿ ನಿದ್ರಿಸುತ್ತಿದೆ ಎಂದು ನಾವು ಕಲಿತಿದ್ದೇವೆ, ಕಲಿಸಿದ್ದೇವೆ, ಬ್ಯಾಂಕುಗಳಿಗೆ ಸಲ್ಲಿಸುವ ವರದಿಗಳಲ್ಲಿ ಬರೆದಿದ್ದೇವೆ. ಈ ಸೂತ್ರವು ಎಲ್ಲ ವ್ಯವಹಾರಗಳಿಗೂ ಸಮಾನವಾಗಿ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳಿಕೊಂಡದ್ದು ಕಡಿಮೆ.

ಈ ಪ್ರಶ್ನೆಯನ್ನು ಪರಿಶೀಲಿಸಲು ಈ ಲೇಖನದಲ್ಲಿ ಫ್ರಾನ್ಸ್ ದೇಶದ ಷಾಂಪೇನ್ ಪ್ರಾಂತದ ಬೊಲಿಂಜರ್ ಎಂಬ ಕೌಟುಂಬಿಕ ಸಂಸ್ಥೆಯನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಪಾನೀಯದ ಗುಣದೋಷಗಳ ಚರ್ಚೆ ಇಲ್ಲಿನ ಉದ್ದೇಶವಲ್ಲ. ಲೇಖಕನಿಗೆ ಅದರ ರುಚಿಯ ಪರಿಚಯವೂ ಇಲ್ಲ. ತಾನು ಇಂದು ತಯಾರಿಸಿದ್ದನ್ನು ಮೂರು ವರ್ಷ, ಕೆಲವೊಮ್ಮೆ ಎಂಟು ವರ್ಷ ಮಾರದೆ ಇಟ್ಟುಕೊಳ್ಳುವ ಒಂದು ಮನೆತನವು 1829ರಿಂದ ಇಂದಿನವರೆಗೆ ಹೇಗೆ ಬದುಕಿ ಉಳಿದಿದೆ ಎಂಬುದಷ್ಟೇ ನಮ್ಮ ವಿಷಯ.

1. ಸರಕಿನ ಪರಿಚಯ

ಷಾಂಪೇನ್ ಎಂಬುದು ನೊರೆಯುಕ್ಕುವ ಒಂದು ಬಗೆಯ ವೈನ್. ಇದರ ಬಹುಪಾಲು ಇಂದು 'ಬ್ರೂಟ್' ಎಂಬ ದರ್ಜೆಯಲ್ಲಿ ಮಾರಾಟವಾಗುತ್ತದೆ. ಫ್ರೆಂಚರು ಈ ಪದವನ್ನು ಕೊನೆಯ 'ಟ್' ಸಹಿತವೇ ಉಚ್ಚರಿಸುತ್ತಾರೆ. ಸಿಹಿ ಬಹಳ ಕಡಿಮೆ ಇರುವ, ವ್ಯಾಪಾರದ ಭಾಷೆಯಲ್ಲಿ 'ಡ್ರೈ' ಎನ್ನಲಾಗುವ ವೈನ್ ಇದು. ಯುರೋಪಿನ ನಿಯಮಗಳ ಪ್ರಕಾರ ಒಂದು ಲೀಟರಿನಲ್ಲಿ 12 ಗ್ರಾಂಗಿಂತ ಕಡಿಮೆ ಸಕ್ಕರೆಯಿದ್ದರೆ ಅದು ಬ್ರೂಟ್. 6 ಗ್ರಾಂವರೆಗೆ ಮಾತ್ರ ಇದ್ದರೆ 'ಎಕ್ಸ್‌ಟ್ರಾ ಬ್ರೂಟ್'. 12ರಿಂದ 17 ಗ್ರಾಂವರೆಗಿನದು 'ಎಕ್ಸ್‌ಟ್ರಾ ಡ್ರೈ', 17ರಿಂದ 32ರವರೆಗೆ 'ಸೆಕ್', 32ರಿಂದ 50ರವರೆಗೆ 'ಡೆಮಿ ಸೆಕ್'. ಅಂದರೆ ಹೆಸರಿನಲ್ಲಿ ಹೆಚ್ಚು ಒಣದೆಂದು ತೋರುವ ಎಕ್ಸ್‌ಟ್ರಾ ಡ್ರೈ, ವಾಸ್ತವವಾಗಿ ಬ್ರೂಟ್‌ಗಿಂತ ಸಿಹಿಯಾದದ್ದು. ಶೀರ್ಷಿಕೆಯನ್ನಷ್ಟೇ ಓದಿ ಖಾತೆಯನ್ನು ನಂಬಬಾರದೆಂಬ ನಮ್ಮ ವೃತ್ತಿಯ ಎಚ್ಚರಿಕೆ ಇಲ್ಲಿಯೂ ಸಲ್ಲುತ್ತದೆ.

ಹತ್ತೊಂಬತ್ತನೆಯ ಶತಮಾನದ ಬಹುಭಾಗದಲ್ಲಿ ಷಾಂಪೇನ್ ಬಹಳ ಸಿಹಿಯಾಗಿತ್ತು. ಕಡಿಮೆ ಸಿಹಿಯ ವೈನನ್ನು ಬಯಸಿದವರು ಮುಖ್ಯವಾಗಿ ಇಂಗ್ಲೆಂಡಿನ ಗ್ರಾಹಕರು. ರೀಮ್ಸ್ ನಗರದ ಪೊಮ್ಮೆರಿ ಸಂಸ್ಥೆಯನ್ನು ಪತಿಯ ನಂತರ ನಡೆಸಿದ ಲೂಯಿಸ್ ಪೊಮ್ಮೆರಿ ಅವರ 1874ರ ಕೊಯ್ಲಿನ ಬ್ರೂಟ್ ವೈನ್ ಆ ಮಾರುಕಟ್ಟೆಯಲ್ಲಿ ಹೆಸರಾಯಿತು.

ಇಲ್ಲಿ ವ್ಯವಹಾರದ ದೃಷ್ಟಿಯಿಂದ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಸಕ್ಕರೆ ದೋಷಗಳನ್ನು ಮುಚ್ಚುತ್ತದೆ. ಎಳೆಯ ವೈನಿನ ಹುಳಿ ಮತ್ತು ಒರಟುತನಗಳು ಸಿಹಿಯ ಅಡಿಯಲ್ಲಿ ಮರೆಯಾಗುತ್ತವೆ. ಸಿಹಿಯನ್ನು ತೆಗೆದುಬಿಟ್ಟರೆ ಅವು ನೇರವಾಗಿ ನಾಲಗೆಗೆ ತಗಲುತ್ತವೆ. ಆಗ ಅವನ್ನು ಮೃದುಗೊಳಿಸಲು ಉಳಿಯುವ ಮುಖ್ಯ ಮಾರ್ಗವೆಂದರೆ ಕಾಲ. ಹೀಗೆ ಸಿಹಿಯನ್ನು ಕಡಿಮೆ ಮಾಡಿದ ತಯಾರಕನು ಸಕ್ಕರೆಯ ಖರ್ಚನ್ನು ಉಳಿಸಿ, ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಕಾಲದ ಖರ್ಚನ್ನು ಮೈಮೇಲೆ ಎಳೆದುಕೊಳ್ಳುತ್ತಾನೆ.

2. ತಯಾರಿಕೆಯ ಕ್ರಮ ಮತ್ತು ವೆಚ್ಚದ ಹಂತಗಳು

ಷಾಂಪೇನ್ ಪ್ರಾಂತದಲ್ಲಿ ದ್ರಾಕ್ಷಿಯನ್ನು ಹಿಂಡುವುದಕ್ಕೂ ನಿಯಮವಿದೆ. 4,000 ಕಿಲೋ ದ್ರಾಕ್ಷಿಯಿಂದ 2,550 ಲೀಟರ್ ರಸವನ್ನು ಮಾತ್ರ ತೆಗೆಯಬಹುದು. ಅದರಲ್ಲಿ ಮೊದಲು ಬರುವ 2,050 ಲೀಟರ್ ಉತ್ತಮ ರಸ, ಉಳಿದ 500 ಲೀಟರ್ ಎರಡನೆಯ ದರ್ಜೆಯದು. ಈ ಲೆಕ್ಕದಂತೆ 750 ಮಿಲಿಲೀಟರಿನ ಒಂದು ಬಾಟಲಿಗೆ ಸುಮಾರು 1.2 ಕಿಲೋ ದ್ರಾಕ್ಷಿ ಬೇಕಾಗುತ್ತದೆ.

ರಸವು ಮೊದಲ ಬಾರಿ ಹುದುಗಿ ಸಾಧಾರಣ ವೈನ್ ಆಗುತ್ತದೆ. ಬೇರೆ ಬೇರೆ ಹಳ್ಳಿಗಳ, ಬೇರೆ ಬೇರೆ ವರ್ಷಗಳ ವೈನ್‌ಗಳನ್ನು ಬೆರೆಸಿ, ಸ್ವಲ್ಪ ಸಕ್ಕರೆ ಮತ್ತು ಯೀಸ್ಟ್ ಸೇರಿಸಿ ಬಾಟಲಿಗೆ ತುಂಬುತ್ತಾರೆ. ಮುಚ್ಚಿದ ಬಾಟಲಿಯ ಒಳಗೇ ಎರಡನೆಯ ಹುದುಗು ನಡೆಯುತ್ತದೆ. ಹೊರಹೋಗಲಾರದ ಅನಿಲ ವೈನಿನಲ್ಲಿಯೇ ಕರಗಿ ಬಾಟಲಿಯೊಳಗೆ ಸುಮಾರು ಆರು ವಾತಾವರಣಗಳಷ್ಟು ಒತ್ತಡವನ್ನು ಉಂಟುಮಾಡುತ್ತದೆ. ಕೆಲಸ ಮುಗಿಸಿದ ಯೀಸ್ಟ್ ಸತ್ತು ಗಸಿಯಾಗಿ ತಳದಲ್ಲಿ ಕೂರುತ್ತದೆ. ಈ ಗಸಿಯ ಸಂಗದಲ್ಲಿ ವೈನ್ ಎಷ್ಟು ಕಾಲ ಮಲಗಿರುತ್ತದೆಯೋ ಅಷ್ಟು ಅದರ ರುಚಿ ಮಾಗುತ್ತದೆ.

ಕಾನೂನು ವಿಧಿಸುವ ಕನಿಷ್ಠ ಅವಧಿ ಬಾಟಲಿಗೆ ತುಂಬಿದಂದಿನಿಂದ 15 ತಿಂಗಳು. ಇದರಲ್ಲಿ 12 ತಿಂಗಳು ಗಸಿಯೊಂದಿಗೇ ಇರಬೇಕು. ಒಂದೇ ವರ್ಷದ ಕೊಯ್ಲಿನಿಂದ ಮಾಡಿ ಆ ವರ್ಷವನ್ನು ಚೀಟಿಯ ಮೇಲೆ ನಮೂದಿಸಿದ ವೈನ್‌ಗೆ ಮೂರು ವರ್ಷ. ಅವಧಿ ಮುಗಿದ ಮೇಲೆ ಬಾಟಲಿಗಳನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತ ತಲೆಕೆಳಗಾಗಿಸಿ, ಗಸಿಯನ್ನು ಬಾಯಿಯ ಬಳಿಗೆ ತಂದು ಹೊರಹಾಕಿ, ತೆರವಾದ ಜಾಗಕ್ಕೆ ತುಸು ಸಕ್ಕರೆ ಕರಗಿಸಿದ ವೈನನ್ನು ತುಂಬಿ ಬಿರಟೆ ಹಾಕುತ್ತಾರೆ. ಕೊನೆಯ ಈ ಸಕ್ಕರೆಯ ಪ್ರಮಾಣದಿಂದಲೇ ಬ್ರೂಟ್ ಮೊದಲಾದ ದರ್ಜೆಗಳು ನಿರ್ಧಾರವಾಗುತ್ತವೆ.

ಬೊಲಿಂಜರ್ ಸಂಸ್ಥೆಯು ತನ್ನ ಮುಖ್ಯ ಬ್ರೂಟ್ ವೈನ್ ಆದ 'ಸ್ಪೆಷಲ್ ಕುವೆ'ಯನ್ನು ಕಾನೂನಿನ ಕನಿಷ್ಠ ಅವಧಿಯ ಎರಡು ಪಟ್ಟಿಗಿಂತ ಹೆಚ್ಚು ಕಾಲ ಇರಿಸುತ್ತದೆ. ವರ್ಷ ನಮೂದಿಸಿದ 'ಲಾ ಗ್ರಾಂಡ್ ಆನೆ' ಎಂಬ ವೈನ್ ಮಾರುಕಟ್ಟೆಗೆ ಬರುವ ಹೊತ್ತಿಗೆ ಸಾಮಾನ್ಯವಾಗಿ ಏಳೆಂಟು ವರ್ಷ ಕಳೆದಿರುತ್ತದೆ. ಕಾನೂನು ಒತ್ತಾಯಿಸದ ಈ ಹೆಚ್ಚುವರಿ ಅವಧಿ ಸಂಸ್ಥೆಯ ಸ್ವಂತ ನಿರ್ಧಾರ. ಆದ್ದರಿಂದ ಅದರ ವೆಚ್ಚವೂ ಸ್ವಂತದ್ದೇ.

3. ಸಂಸ್ಥೆಯ ಇತಿಹಾಸ

1829ರಲ್ಲಿ ಆಯಿ ಎಂಬ ಊರಿನಲ್ಲಿ ಮೂವರು ಸೇರಿ ಈ ಪಾಲುದಾರಿಕೆಯನ್ನು ಆರಂಭಿಸಿದರು. ದ್ರಾಕ್ಷಿ ತೋಟಗಳ ಒಡೆಯರಾದ ಅಥನಾಸ್ ದ ವಿಲೆರ್ಮೊಂ ಅವರು ಕುಲೀನ ಮನೆತನದವರು. ವ್ಯಾಪಾರದಲ್ಲಿ ತಮ್ಮ ಹೆಸರು ಕಾಣಿಸಿಕೊಳ್ಳುವುದು ಅವರ ಅಂತಸ್ತಿಗೆ ತಕ್ಕುದಾಗಿರಲಿಲ್ಲ. ಎರಡನೆಯವರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯಿಂದ ಬಂದ ಜೋಸೆಫ್ ಬೊಲಿಂಜರ್, ಮಾರಾಟದಲ್ಲಿ ಪಳಗಿದವರು. ಮೂರನೆಯವರು ಪಾಲ್ ರೆನೋದಾಂ. ನೆಲ ಒಬ್ಬರದು, ಹೆಸರು ಉಳಿದಿಬ್ಬರದು ಎಂಬ ಏರ್ಪಾಡಿನಲ್ಲಿ ಸಂಸ್ಥೆ 'ರೆನೋದಾಂ ಬೊಲಿಂಜರ್' ಎಂದು ಪ್ರಸಿದ್ಧವಾಯಿತು. ಮುಂದೆ ಬೊಲಿಂಜರ್ ಅವರು ವಿಲೆರ್ಮೊಂ ಅವರ ಮಗಳನ್ನೇ ವಿವಾಹವಾದರು. ತೋಟವೂ ವ್ಯಾಪಾರವೂ ಒಂದೇ ಕುಟುಂಬಕ್ಕೆ ಬಂದವು. 1884ರಲ್ಲಿ ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಅವರ ಆಸ್ಥಾನಕ್ಕೆ ಸರಬರಾಜು ಮಾಡುವ ಸನ್ನದು ದೊರೆಯಿತು.

ಸಂಸ್ಥೆಯ ನಿಜವಾದ ಪರೀಕ್ಷೆ ನಡೆದದ್ದು 1941ರಲ್ಲಿ. ಫ್ರಾನ್ಸ್ ಜರ್ಮನ್ ಸೇನೆಯ ವಶದಲ್ಲಿತ್ತು. ಒಡೆಯ ಜಾಕ್ ಬೊಲಿಂಜರ್ ತೀರಿಕೊಂಡರು, ಮಕ್ಕಳಿರಲಿಲ್ಲ. ಅವರ ಪತ್ನಿ ಎಲಿಜಬೆತ್, ಊರವರ ಬಾಯಲ್ಲಿ ಲಿಲಿ ಬೊಲಿಂಜರ್, ಹೊಣೆಯನ್ನು ವಹಿಸಿಕೊಂಡು 1971ರವರೆಗೆ ಮೂವತ್ತು ವರ್ಷ ನಡೆಸಿದರು. ಯುದ್ಧಕಾಲದಲ್ಲಿ ಪೆಟ್ರೋಲ್ ದೊರೆಯದಿದ್ದಾಗ ಸೈಕಲ್ ಮೇಲೆಯೇ ತೋಟಗಳನ್ನು ಸುತ್ತಿದರು. ಆ ಅಭ್ಯಾಸವನ್ನು ಮುಂದೆಯೂ ಬಿಡಲಿಲ್ಲ. ಅವರ ಕಾಲದಲ್ಲಿ ಸಂಸ್ಥೆ ಹೊಸ ತೋಟಗಳನ್ನು ಕೊಂಡಿತು. ಇಂದು ಸುಮಾರು 180 ಹೆಕ್ಟೇರ್ ಸ್ವಂತ ತೋಟವಿದ್ದು, ಬೇಕಾದ ದ್ರಾಕ್ಷಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಂದಲೇ ಬರುತ್ತದೆ.

ಲಿಲಿ ಅವರ ಒಂದು ನಿರ್ಧಾರವು ಲೆಕ್ಕಿಗರು ವಿಶೇಷವಾಗಿ ಗಮನಿಸುವಂಥದ್ದು. 1952ರ ಕೊಯ್ಲಿನ ವೈನನ್ನು ಗಸಿಯೊಂದಿಗೇ ಬಹುಕಾಲ ಉಳಿಸಿ, 1967ರಲ್ಲಿ 'ಆರ್.ಡಿ.' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಡಲಾಯಿತು. ಇತ್ತೀಚೆಗಷ್ಟೇ ಗಸಿ ತೆಗೆದದ್ದು ಎಂಬುದು ಆ ಫ್ರೆಂಚ್ ಸಂಕ್ಷೇಪದ ಅರ್ಥ. ನಮ್ಮ ಲೆಕ್ಕಪರಿಶೋಧನೆಯ ಕಡತದಲ್ಲಾಗಿದ್ದರೆ ಹದಿನೈದು ವರ್ಷ ಹಳೆಯ ದಾಸ್ತಾನಿನ ಎದುರು 'ಚಲನೆಯಿಲ್ಲದ ಸರಕು, ಮೌಲ್ಯ ಕಡಿತ ಪರಿಶೀಲಿಸುವುದು' ಎಂದು ಕೆಂಪು ಶಾಯಿಯಲ್ಲಿ ಬರೆದಿರುತ್ತಿದ್ದೆವು. ಆ ಸಂಸ್ಥೆ ಅದೇ ಹಳತನಕ್ಕೆ ಒಂದು ಹೆಸರನ್ನಿಟ್ಟು, ಹೆಚ್ಚಿನ ಬೆಲೆಯನ್ನು ಪಡೆಯಿತು.

4. ಕಾಲದ ವೆಚ್ಚ: ಒಂದು ಮಾದರಿ ಲೆಕ್ಕ

ಕೆಳಗಿನ ಅಂಕಿಗಳು ವಿಷಯ ಸ್ಪಷ್ಟಪಡಿಸಲು ಕಲ್ಪಿಸಿಕೊಂಡವು, ಬೊಲಿಂಜರ್ ಸಂಸ್ಥೆಯ ಲೆಕ್ಕಪತ್ರದವಲ್ಲ.

ಒಂದು ಬಾಟಲಿ ತುಂಬುವ ವೇಳೆಗೆ 100 ರೂಪಾಯಿ ಖರ್ಚಾಗಿದೆಯೆಂದೂ ಬಡ್ಡಿ ವರ್ಷಕ್ಕೆ ಶೇ. 10 ಎಂದೂ ಭಾವಿಸೋಣ. ಚಕ್ರಬಡ್ಡಿಯ ಲೆಕ್ಕದಲ್ಲಿ 15 ತಿಂಗಳ ನಂತರ ಆ ಬಾಟಲಿಯ ವೆಚ್ಚ ಸುಮಾರು 113 ರೂ. ಮೂರು ವರ್ಷಕ್ಕೆ 133 ರೂ. ಎಂಟು ವರ್ಷಕ್ಕೆ 214 ರೂ. ಅಂದರೆ ಎಂಟು ವರ್ಷ ಮಲಗಿದ ಬಾಟಲಿಯಲ್ಲಿ ದ್ರಾಕ್ಷಿ, ಗಾಜು, ಕೂಲಿ ಎಲ್ಲವೂ ಸೇರಿದ ವೆಚ್ಚಕ್ಕಿಂತ ಬಡ್ಡಿಯ ಪಾಲೇ ಹೆಚ್ಚು. ಬಡ್ಡಿ ಶೇ. 4 ಆಗಿದ್ದರೆ ಎಂಟು ವರ್ಷದ ವೆಚ್ಚ 137 ರೂ. ಮಾತ್ರ. ಇಂಥ ವ್ಯವಹಾರದಲ್ಲಿ ದ್ರಾಕ್ಷಿಯ ಬೆಲೆಯಷ್ಟೇ ಹಣದ ಬೆಲೆಯೂ ಮುಖ್ಯವಾದ ಕಚ್ಚಾ ಸಾಮಗ್ರಿ.

ಇನ್ನು ದಾಸ್ತಾನಿನ ಗಾತ್ರ. ವರ್ಷಕ್ಕೆ 100 ಬಾಟಲಿ ಮಾರುವ ಸಂಸ್ಥೆಯೊಂದು 90 ಬಾಟಲಿಗಳನ್ನು ಮೂರು ವರ್ಷ, 10 ಬಾಟಲಿಗಳನ್ನು ಎಂಟು ವರ್ಷ ಇರಿಸುತ್ತದೆ ಎನ್ನೋಣ. ಆಗ ನೆಲಮಾಳಿಗೆಯಲ್ಲಿ ಯಾವಾಗಲೂ 270 ಮತ್ತು 80, ಒಟ್ಟು 350 ಬಾಟಲಿಗಳಿರಬೇಕು. ವಹಿವಾಟು ಅನುಪಾತ 0.29. ನಮ್ಮ ಊರಿನ ಕಿರಾಣಿ ಸಗಟು ವ್ಯಾಪಾರಿ ಇಂಥ ಅನುಪಾತ ತೋರಿಸಿದರೆ ಬ್ಯಾಂಕಿನವರು ಮರುದಿನವೇ ಗೋದಾಮಿನ ತಪಾಸಣೆಗೆ ಬಂದಾರು.

ಬೆಳವಣಿಗೆಯೂ ಇಲ್ಲಿ ಸುಲಭವಲ್ಲ. ಮಾರಾಟ ವರ್ಷಕ್ಕೆ ಶೇ. 5ರಂತೆ ಏರಬೇಕೆಂದರೆ ಮೂರು ವರ್ಷದ ನಂತರ 116 ಬಾಟಲಿ ಬೇಕು. ಅವನ್ನು ಈ ವರ್ಷವೇ ತುಂಬಬೇಕು, ಆದರೆ ಈ ವರ್ಷ ಮಾರುವುದು 100 ಮಾತ್ರ. ಹೆಚ್ಚಿನ 16 ಬಾಟಲಿಗಳ ಹಣ ಇಂದಿನ ಲಾಭದಿಂದಲೇ ಹೋಗಬೇಕು. ಲಾಭ-ನಷ್ಟ ಖಾತೆಯಲ್ಲಿ ಲಾಭ ಕಾಣುತ್ತದೆ, ಹಂಚಿಕೊಳ್ಳಲು ನಗದು ಇರುವುದಿಲ್ಲ. ಪಾಲುದಾರರಲ್ಲಿ ಒಬ್ಬರು "ಲಾಭ ಬಂದಿದೆಯಲ್ಲ, ನಮ್ಮ ಪಾಲೆಲ್ಲಿ?" ಎಂದು ಕೇಳುವುದು ಇಂಥ ವರ್ಷಗಳಲ್ಲಿಯೇ.

ಮುನ್ನೋಟ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಷಾಂಪೇನ್ ಪ್ರಾಂತವೇ ಸಾಕ್ಷಿ. 2022ರಲ್ಲಿ ಇಡೀ ಪ್ರಾಂತದಿಂದ ಸುಮಾರು 32.6 ಕೋಟಿ ಬಾಟಲಿಗಳು ರವಾನೆಯಾದವು. 2023ರಲ್ಲಿ ಅದು ಸುಮಾರು 29.9 ಕೋಟಿಗೂ, 2024ರಲ್ಲಿ ಸುಮಾರು 27.1 ಕೋಟಿಗೂ ಇಳಿಯಿತು. ಎರಡು ವರ್ಷಗಳಲ್ಲಿ ಆರನೆಯ ಒಂದು ಭಾಗದಷ್ಟು ಇಳಿತ. 2022ರ ಉತ್ಸಾಹದಲ್ಲಿ ತುಂಬಿದ ಬಾಟಲಿಗಳು ಮೂರು ವರ್ಷ ಮಾಗಿ ಸಿದ್ಧವಾಗುವ ಹೊತ್ತಿಗೆ ಮಾರುಕಟ್ಟೆ ಬೇರೆಯೇ ಆಗಿತ್ತು. ತಾಳ್ಮೆ ಗುಣವೇ ಹೌದು, ಆದರೆ ಅದು ನಷ್ಟದ ವಿರುದ್ಧದ ವಿಮೆಯಲ್ಲ.

5. ಮೀಸಲು ವೈನ್ ಎಂಬ ಮೀಸಲು ನಿಧಿ

ಷಾಂಪೇನ್ ಪ್ರಾಂತ ಬಳ್ಳಿ ಬೆಳೆಗೆ ಉತ್ತರದ ಗಡಿಯಂತಿರುವ ತಂಪು ಸೀಮೆ. ವಸಂತದ ಹಿಮ, ಆಲಿಕಲ್ಲು, ಬೂಷ್ಟು ರೋಗಗಳು ಬೆಳೆಯನ್ನು ಕಾಡುತ್ತವೆ. 2021ರಲ್ಲಿ ಏಪ್ರಿಲ್ ತಿಂಗಳ ಹಿಮವೂ ನಂತರದ ಮಳೆ ಮತ್ತು ಬೂಷ್ಟೂ ಸೇರಿ ಇಳುವರಿಯನ್ನು ಬಹಳವಾಗಿ ತಗ್ಗಿಸಿದವು. ಹೀಗಾಗಿಯೇ ಇಲ್ಲಿನ ತಯಾರಕರು ಒಳ್ಳೆಯ ವರ್ಷದ ವೈನಿನಲ್ಲಿ ಒಂದು ಪಾಲನ್ನು ಮೀಸಲಿರಿಸಿ, ಮುಂದಿನ ವರ್ಷಗಳ ಮಿಶ್ರಣಕ್ಕೆ ಬಳಸುತ್ತಾರೆ.

ಬೊಲಿಂಜರ್ ಸಂಸ್ಥೆ ಈ ಮೀಸಲು ವೈನನ್ನು ದೊಡ್ಡ ತೊಟ್ಟಿಗಳ ಬದಲು ಮ್ಯಾಗ್ನಂ ಎಂಬ ಒಂದೂವರೆ ಲೀಟರಿನ ಬಾಟಲಿಗಳಲ್ಲಿ, ಬೆಂಡಿನ ಬಿರಟೆ ಹಾಕಿ, ಊರೂರಿನ ಮತ್ತು ವರ್ಷವರ್ಷದ ವೈನನ್ನು ಬೇರೆ ಬೇರೆಯಾಗಿ ಇರಿಸುತ್ತದೆ. ಇಂಥ ಏಳು ಲಕ್ಷಕ್ಕೂ ಹೆಚ್ಚು ಮ್ಯಾಗ್ನಂಗಳು ಅಲ್ಲಿನ ನೆಲಮಾಳಿಗೆಗಳಲ್ಲಿವೆ. ಐದರಿಂದ ಹದಿನೈದು ವರ್ಷ ಕಳೆದ ಮೇಲೆ ಅವನ್ನು ಒಂದೊಂದಾಗಿ ತೆರೆದು ಮಿಶ್ರಣಕ್ಕೆ ಸುರಿಯುತ್ತಾರೆ. ತೊಟ್ಟಿಯಲ್ಲಿಟ್ಟರೆ ಕೂಲಿ ಎಷ್ಟೋ ಉಳಿಯುತ್ತಿತ್ತು. ಆದರೆ ಯಾವ ಊರಿನ ಯಾವ ವರ್ಷದ ಗುಣವೆಂಬ ವಿವರ ಕಳೆದುಹೋಗುತ್ತಿತ್ತು. ಎಲ್ಲ ಖರ್ಚನ್ನೂ 'ಇತರೆ' ಎಂಬ ಒಂದೇ ಖಾತೆಗೆ ಹಾಕುವುದಕ್ಕೂ, ಖಾತೆವಾರು ಬರೆದಿಡುವುದಕ್ಕೂ ಇರುವ ವ್ಯತ್ಯಾಸವೇ ಇದು.

ನಮ್ಮ ಕಂಪನಿಗಳ ಅಢಾವೆ ಪತ್ರಿಕೆಯಲ್ಲಿ 'ಸಾಮಾನ್ಯ ಮೀಸಲು' ಎಂಬ ಶೀರ್ಷಿಕೆಯಿರುತ್ತದೆ. ಬಹುತೇಕ ಸಂದರ್ಭಗಳಲ್ಲಿ ಅದು ಕಾಗದದ ಮೇಲಿನ ಅಂಕಿಯಷ್ಟೇ. ಆ ಹಣ ಕಟ್ಟಡಕ್ಕೋ ಬಾಕಿದಾರರ ಕೈಗೋ ಹೋಗಿರುತ್ತದೆ. ಕೆಟ್ಟ ವರ್ಷ ಬಂದಾಗ ತೆಗೆದು ಬಳಸಬಲ್ಲ ರೂಪದಲ್ಲಿರುವ ಮೀಸಲು ಮಾತ್ರ ನಿಜವಾದ ಮೀಸಲು. ಆಯಿ ಊರಿನ ನೆಲಮಾಳಿಗೆಯ ಮೀಸಲು ಅಂಥದ್ದು.

6. ನಮ್ಮ ಲೆಕ್ಕಪತ್ರ ಮಾನಕಗಳು ಏನು ಹೇಳುತ್ತವೆ?

ಇಂಥ ದಾಸ್ತಾನು ಭಾರತದ ಸಂಸ್ಥೆಯೊಂದರಲ್ಲಿದ್ದರೆ ಹೇಗೆ ತೋರಿಸಬೇಕೆಂದು ವಿದ್ಯಾರ್ಥಿಗಳು ಕೇಳಬಹುದು. ಸಂಕ್ಷೇಪವಾಗಿ ಹೇಳುವುದಾದರೆ:

ಅ) ಲೆಕ್ಕಪತ್ರ ಮಾನಕ 2ರ ಪ್ರಕಾರ ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯಾದದ್ದಕ್ಕೆ ತೋರಿಸಬೇಕು. ಮಾಗಿದಷ್ಟೂ ಬೆಲೆ ಏರುತ್ತದೆಂದು ಮಾರುವ ಮುನ್ನವೇ ಲಾಭ ಬರೆದುಕೊಳ್ಳುವಂತಿಲ್ಲ.

ಆ) ಸಾಮಾನ್ಯವಾಗಿ ಸಂಗ್ರಹಣಾ ವೆಚ್ಚ ದಾಸ್ತಾನಿನ ವೆಚ್ಚಕ್ಕೆ ಸೇರುವುದಿಲ್ಲ. ಆದರೆ ಮುಂದಿನ ತಯಾರಿಕಾ ಹಂತಕ್ಕೆ ಮೊದಲು ಸಂಗ್ರಹಣೆ ಅನಿವಾರ್ಯವಾಗಿದ್ದರೆ ಸೇರುತ್ತದೆ. ಗಸಿಯೊಂದಿಗೆ ಮಾಗುವ ಅವಧಿ ಈ ವರ್ಗಕ್ಕೆ ಬರುತ್ತದೆ. ಗಸಿ ತೆಗೆದು ಸಿದ್ಧವಾದ ಬಾಟಲಿ ಗೋದಾಮಿನಲ್ಲಿ ಕಾಯುವ ವೆಚ್ಚ ಬರುವುದಿಲ್ಲ.

ಇ) ಸಾಲದ ಬಡ್ಡಿಗೆ ಸಂಬಂಧಿಸಿದ ಮಾನಕ 16, ಮಾರಾಟ ಯೋಗ್ಯವಾಗಲು ಗಣನೀಯ ಅವಧಿ ಬೇಕಾಗುವ ದಾಸ್ತಾನನ್ನು ಅರ್ಹ ಆಸ್ತಿ ಎಂದು ಒಪ್ಪುತ್ತದೆ. ಗಣನೀಯ ಅವಧಿಯೆಂದರೆ ಸಾಧಾರಣವಾಗಿ ಹನ್ನೆರಡು ತಿಂಗಳು. ಇಂಡ್ ಎಎಸ್ 23 ಅನುಸರಿಸುವ ಕಂಪನಿಗಳಿಗೆ, ದೊಡ್ಡ ಪ್ರಮಾಣದಲ್ಲಿ ಪುನರಾವರ್ತಿತವಾಗಿ ತಯಾರಾಗುವ ದಾಸ್ತಾನಿನ ಬಗ್ಗೆ ಈ ನಿಯಮ ಕಡ್ಡಾಯವಲ್ಲ.

ಈ) ಕಂಪನಿ ಕಾಯ್ದೆ 2013ರ ಮೂರನೆಯ ಅನುಸೂಚಿಯಂತೆ, ಸಂಸ್ಥೆಯ ಸಾಮಾನ್ಯ ವ್ಯವಹಾರ ಚಕ್ರದೊಳಗೆ ನಗದಾಗುವ ಆಸ್ತಿ ಹನ್ನೆರಡು ತಿಂಗಳು ಮೀರಿದರೂ ಚಾಲ್ತಿ ಆಸ್ತಿಯೇ. ಮೂರು ವರ್ಷದ ಚಕ್ರವಿರುವ ಸಂಸ್ಥೆಗೆ ಮೂರು ವರ್ಷದ ದಾಸ್ತಾನು ಚಾಲ್ತಿ ಆಸ್ತಿ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಾಗದದ ಮೇಲೆ ಚಾಲ್ತಿ ಆಸ್ತಿ ಎಂದು ಕರೆದ ಮಾತ್ರಕ್ಕೆ ಅದರ ಎದುರು ಅಲ್ಪಾವಧಿ ಸಾಲ ತೆಗೆದುಕೊಳ್ಳುವುದು ಕ್ಷೇಮವಲ್ಲ. ಮೂರು ವರ್ಷ ಮಲಗುವ ಸರಕಿಗೆ ಆರು ತಿಂಗಳ ಹುಂಡಿಯ ಹಣ ಹಾಕಿದರೆ, ಸರಕು ಮಾಗುವ ಮೊದಲೇ ಸಾಲಗಾರ ಬಾಗಿಲಿಗೆ ಬರುತ್ತಾನೆ.

7. ನನ್ನದೇ ಒಂದು ತಪ್ಪು

ಇದನ್ನೆಲ್ಲ ಬರೆಯುವ ಹಕ್ಕು ನನಗೆ ಪುಸ್ತಕದಿಂದಷ್ಟೇ ಬಂದದ್ದಲ್ಲ. ವೃತ್ತಿಯ ಆರಂಭದ ವರ್ಷಗಳಲ್ಲಿ ಮೂರು ತಲೆಮಾರಿನಿಂದ ಅಕ್ಕಿ ವ್ಯಾಪಾರ ಮಾಡುತ್ತಿದ್ದ ಒಂದು ಮನೆತನದ ಲೆಕ್ಕಪತ್ರಗಳನ್ನು ನೋಡುತ್ತಿದ್ದೆ. ಹಿರಿಯ ಸಾಹುಕಾರರು ಭತ್ತವನ್ನು ಒಂದು ವರ್ಷ ಪೂರ್ತಿ ಹಳೆಯದಾಗಿಸಿ, ಆಮೇಲೆಯೇ ಗಿರಣಿಗೆ ಹಾಕಿಸುತ್ತಿದ್ದರು. ಅವರ ದಾಸ್ತಾನಿನ ಅನುಪಾತ ಒಂದರ ಆಸುಪಾಸು, ಅಕ್ಕಪಕ್ಕದ ಗಿರಣಿಗಳದು ಐದು. ನಾನು ಅನುಪಾತಗಳ ಪಟ್ಟಿಯನ್ನು ಮುಂದಿಟ್ಟು, ದಾಸ್ತಾನನ್ನು ನಾಲ್ಕು ತಿಂಗಳಿಗೆ ಇಳಿಸಿದರೆ ಬಡ್ಡಿ ಎಷ್ಟು ಉಳಿಯುತ್ತದೆಂದು ತೋರಿಸಿದೆ. "ಆಡಿಟರೇ, ಹಳೇ ಅಕ್ಕಿಯೇ ನಮ್ಮ ಅಂಗಡಿಯ ಬೋರ್ಡು" ಎಂದರು ಸಾಹುಕಾರರು. ಅವರ ಮಗ ಪದವೀಧರ, ನನ್ನ ಪಟ್ಟಿಯನ್ನು ಒಪ್ಪಿದ.

ಮೊದಲ ವರ್ಷ ಬಡ್ಡಿ ಉಳಿಯಿತು, ನನಗೆ ಹೊಗಳಿಕೆಯೂ ಸಿಕ್ಕಿತು. ಎರಡನೆಯ ವರ್ಷದಿಂದ ಮದುವೆ ಅಡುಗೆಯವರೂ ಹೋಟೆಲಿನವರೂ ಒಬ್ಬೊಬ್ಬರಾಗಿ ಬೇರೆಡೆಗೆ ಹೋದರು. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ಅಳತೆಗೆ ಒದಗುವುದಿಲ್ಲ. ಅಂಗಡಿಯ ಅಕ್ಕಿ ಊರಿನ ಉಳಿದ ಅಕ್ಕಿಯಂತೆಯೇ ಆದಮೇಲೆ ಹೆಚ್ಚಿನ ಬೆಲೆ ಕೊಡುವ ಕಾರಣ ಯಾರಿಗೂ ಉಳಿಯಲಿಲ್ಲ. ಮತ್ತೆ ಹಳೆಯ ಪದ್ಧತಿಗೆ ಮರಳಿ ಗಿರಾಕಿಗಳನ್ನು ಗಳಿಸಲು ನಾಲ್ಕು ವರ್ಷ ಬೇಕಾಯಿತು. ಸಾಹುಕಾರರು ನನ್ನನ್ನು ಎಂದೂ ಆಕ್ಷೇಪಿಸಲಿಲ್ಲ. ಆಕ್ಷೇಪಿಸಿದ್ದರೆ ನನಗೆ ಹಗುರವಾಗುತ್ತಿತ್ತು.

ನಾನು ನೋಡಬೇಕಾಗಿದ್ದ ಅಳತೆ ಬೇರೆಯೇ ಆಗಿತ್ತು. ದಾಸ್ತಾನಿನಲ್ಲಿ ತೊಡಗಿಸಿದ ಪ್ರತಿ ನೂರು ರೂಪಾಯಿಗೆ ವರ್ಷದಲ್ಲಿ ಎಷ್ಟು ಒಟ್ಟು ಲಾಭ ಬರುತ್ತದೆ ಎಂಬುದೇ ಆ ಅಳತೆ. ಒಬ್ಬ ವ್ಯಾಪಾರಿ ವರ್ಷಕ್ಕೆ ಐದು ಬಾರಿ ಸರಕು ತಿರುಗಿಸಿ, ಪ್ರತಿ ಬಾರಿ ಶೇ. 3 ಲಾಭ ಪಡೆದರೆ ನೂರಕ್ಕೆ 15 ರೂ. ಇನ್ನೊಬ್ಬ ವರ್ಷಕ್ಕೆ ಒಂದೇ ಬಾರಿ ತಿರುಗಿಸಿ ಶೇ. 20 ಪಡೆದರೆ ನೂರಕ್ಕೆ 20 ರೂ. ಬಡ್ಡಿ ಶೇ. 12 ಕಳೆದರೆ ಮೊದಲನೆಯವನಿಗೆ 3, ಎರಡನೆಯವನಿಗೆ 8 ಉಳಿಯುತ್ತದೆ. ನಿಧಾನವಾಗಿ ತಿರುಗುವ ಸರಕು ಸತ್ತ ಸರಕೇ ಆಗಬೇಕಾಗಿಲ್ಲ.

8. ಹೆಸರಿನ ರಕ್ಷಣೆ

ಕಾಯುವುದರ ಫಲ ಕಾಯ್ದವನಿಗೇ ಸಿಗಬೇಕಾದರೆ ಹೆಸರಿಗೆ ರಕ್ಷಣೆ ಬೇಕು. ಇಲ್ಲವಾದರೆ ಕಾಯದವನೂ ಅದೇ ಹೆಸರಿನಲ್ಲಿ ಮಾರುತ್ತಾನೆ. ಹೊರಗಿನ ದ್ರಾಕ್ಷಿಯನ್ನು ತಂದು ಷಾಂಪೇನ್ ಎಂದು ಮಾರುವುದರ ವಿರುದ್ಧ 1911ರಲ್ಲಿ ಆ ಪ್ರಾಂತದ ರೈತರು ದಂಗೆಯೆದ್ದರು, ಆಯಿ ಊರಿನಲ್ಲಿಯೇ ಮನೆಗಳೂ ಮಳಿಗೆಗಳೂ ಸುಟ್ಟವು. 1927ರ ಕಾನೂನು ಪ್ರಾಂತದ ಎಲ್ಲೆಗಳನ್ನು ಗುರುತಿಸಿತು. 1941ರಲ್ಲಿ ಬೆಳೆಗಾರರನ್ನೂ ತಯಾರಕರನ್ನೂ ಒಂದೇ ಮೇಜಿನ ಸುತ್ತ ಕೂರಿಸುವ ಸಮಿತಿ ಸ್ಥಾಪನೆಯಾಯಿತು. ವರ್ಷಕ್ಕೆ ಹೆಕ್ಟೇರಿಗೆ ಎಷ್ಟು ಕೊಯ್ಯಬಹುದೆಂಬ ಮಿತಿಯ ಹಿಂದೆ ಇಂದಿಗೂ ಅದೇ ಸಮಿತಿಯಿದೆ. ನಮ್ಮಲ್ಲಿ ಭೌಗೋಳಿಕ ಸೂಚ್ಯಂಕ ಕಾಯ್ದೆ 1999ರಲ್ಲಿ ಬಂದು, 2003ರಲ್ಲಿ ಜಾರಿಯಾಯಿತು. ಮೈಸೂರು ರೇಷ್ಮೆ, ಬ್ಯಾಡಗಿ ಮೆಣಸಿನಕಾಯಿಗಳಿಗೆ ನೋಂದಣಿಯಿದೆ. ನೋಂದಣಿ ಪತ್ರ ಗೋಡೆಯ ಮೇಲಿದ್ದರೆ ಸಾಲದು, ಅದರ ಹಿಂದೆ ಗುಣಮಟ್ಟ ಕಾಯುವ ಸಮಿತಿ ಇರಬೇಕೆಂಬುದು ಷಾಂಪೇನಿನ ಪಾಠ.

9. ಉತ್ತರಾಧಿಕಾರ

ದೀರ್ಘಕಾಲದ ದಾಸ್ತಾನಿಗೆ ಅತಿ ದೊಡ್ಡ ಅಪಾಯ ಮನೆಯೊಳಗಿನಿಂದಲೇ ಬರುತ್ತದೆ. ಫ್ರಾನ್ಸಿನ 1804ರ ನಾಗರಿಕ ಸಂಹಿತೆ ಮಕ್ಕಳಿಗೆ ಆಸ್ತಿಯಲ್ಲಿ ಕಡ್ಡಾಯ ಪಾಲನ್ನು ನೀಡುತ್ತದೆ. ಪ್ರತಿ ತಲೆಮಾರಿನಲ್ಲಿಯೂ ಪಾಲುಗಳು ಸಣ್ಣದಾಗುತ್ತವೆ, ತೆರಿಗೆ ಕಟ್ಟಲು ನಗದು ಬೇಕಾಗುತ್ತದೆ, ಆಗ ನೆಲಮಾಳಿಗೆಯ ಬಾಟಲಿಗಳು ಎಳೆಯವಾಗಿರುವಾಗಲೇ ಮಾರಾಟಕ್ಕೆ ಬರುತ್ತವೆ. ಇದನ್ನು ತಪ್ಪಿಸಲು ಅಲ್ಲಿ 2003ರಲ್ಲಿ ಒಂದು ಕಾನೂನು ಬಂದಿತು. ಷೇರುಗಳನ್ನು ನಿಗದಿತ ಅವಧಿಗೆ ಮಾರುವುದಿಲ್ಲವೆಂದು ಕುಟುಂಬದವರು ಒಪ್ಪಂದ ಮಾಡಿಕೊಂಡರೆ, ವರ್ಗಾವಣೆಯ ತೆರಿಗೆಯಲ್ಲಿ ದೊಡ್ಡ ವಿನಾಯಿತಿ ದೊರೆಯುತ್ತದೆ.

ಬೊಲಿಂಜರ್ ಕುಟುಂಬ ಷೇರುಗಳನ್ನು ಒಂದು ಹಿಡುವಳಿ ಕಂಪನಿಯಲ್ಲಿ ಇರಿಸಿಕೊಂಡಿತು. ಮಕ್ಕಳಿಲ್ಲದ ಲಿಲಿ ಅವರ ನಂತರ ಕುಟುಂಬದ ಸಂಬಂಧಿಗಳೇ ಒಬ್ಬರಾದ ಮೇಲೊಬ್ಬರು ನಡೆಸಿದರು. 2008ರಲ್ಲಿ ಮೊದಲ ಬಾರಿಗೆ ಕುಟುಂಬದ ಹೊರಗಿನವರಾದ ಜೆರೋಮ್ ಫಿಲಿಪೋಂ ಅವರನ್ನು ಮುಖ್ಯಸ್ಥರನ್ನಾಗಿ ನೇಮಿಸಲಾಯಿತು. ಒಡೆತನ ಕುಟುಂಬದ್ದು, ಆಡಳಿತ ಸಮರ್ಥರದ್ದು ಎಂಬ ಈ ವಿಂಗಡಣೆಯನ್ನು ನಮ್ಮ ವ್ಯಾಪಾರಿ ಮನೆತನಗಳು ವಿಶೇಷವಾಗಿ ಗಮನಿಸಬೇಕು. ಭಾರತದಲ್ಲಿ ಎಸ್ಟೇಟ್ ಸುಂಕ 1985ರಲ್ಲಿಯೇ ರದ್ದಾಯಿತು. ತೆರಿಗೆಯ ಕಾಟವಿಲ್ಲ. ಆದರೂ ತಂದೆಯ ಹನ್ನೆರಡನೆಯ ದಿನದ ಕಾರ್ಯ ಮುಗಿಯುತ್ತಲೇ ಗೋದಾಮಿನ ಬೀಗಕ್ಕೆ ಎರಡನೆಯ ಬೀಗ ಬೀಳುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ.

10. ಸಾರಾಂಶ

ದೀರ್ಘಕಾಲ ಸರಕು ಇರಿಸಿಕೊಳ್ಳುವ ಕೌಟುಂಬಿಕ ವ್ಯವಹಾರವನ್ನು ತೂಗಿ ನೋಡುವಾಗ ಈ ಐದು ಪ್ರಶ್ನೆಗಳನ್ನು ಕೇಳುವುದು ಒಳಿತು.

ಮೊದಲನೆಯದಾಗಿ, ಕಾಲ ಕಳೆದಂತೆ ಸರಕಿನ ಗುಣ ಏರುತ್ತದೆಯೋ, ಅಥವಾ ಬೆಲೆ ಏರೀತೆಂಬ ನಿರೀಕ್ಷೆ ಮಾತ್ರವೋ? ಹಳೆಯ ಅಕ್ಕಿಯದು ಮೊದಲ ವರ್ಗ. ಶೀತಲಗೃಹದಲ್ಲಿ ಬೆಲೆಗಾಗಿ ಕಾಯುವ ಒಣದ್ರಾಕ್ಷಿ, ಮೆಣಸಿನಕಾಯಿಗಳದು ಎರಡನೆಯ ವರ್ಗ. ಅಲ್ಲಿ ಗುಣ ಉಳಿಯುತ್ತದೆ, ಏರುವುದಿಲ್ಲ. ಮೊದಲನೆಯದು ತಯಾರಿಕೆ, ಎರಡನೆಯದು ಸಟ್ಟಾ. ಈ ಲೇಖನದ ವಾದ ಎರಡನೆಯದಕ್ಕೆ ಸಮರ್ಥನೆಯಲ್ಲ.

ಎರಡನೆಯದಾಗಿ, ಆ ಸರಕಿನಲ್ಲಿ ತೊಡಗಿರುವ ಹಣ ಸ್ವಂತದ್ದೋ, ದೀರ್ಘಾವಧಿ ಸಾಲವೋ, ಅಥವಾ ಯಾವಾಗ ಬೇಕಾದರೂ ಹಿಂದಕ್ಕೆ ಕೇಳಬಹುದಾದ ಹಣವೋ?

ಮೂರನೆಯದಾಗಿ, ಕೆಟ್ಟ ವರ್ಷಕ್ಕೆ ಕೈಗೆ ಸಿಗುವ ಮೀಸಲು ಇದೆಯೋ?

ನಾಲ್ಕನೆಯದಾಗಿ, ಕಾಯ್ದದ್ದಕ್ಕೆ ಬೆಲೆ ಕೊಡುವ ಗಿರಾಕಿಯೂ, ಅವನು ಗುರುತಿಸುವ ಹೆಸರೂ ಇವೆಯೋ?

ಐದನೆಯದಾಗಿ, ಇಂದಿನ ಒಡೆಯರ ನಂತರವೂ ಕಾಯಲು ಮನೆಯವರೆಲ್ಲ ಬರವಣಿಗೆಯಲ್ಲಿ ಒಪ್ಪಿದ್ದಾರೆಯೋ?

ಐದಕ್ಕೂ ಸಮಾಧಾನಕರ ಉತ್ತರ ದೊರೆತರೆ, ದಾಸ್ತಾನಿನ ಅನುಪಾತ ಕಡಿಮೆಯಿದೆಯೆಂದು ಅಂಜಬೇಕಾಗಿಲ್ಲ. ಒಂದಕ್ಕೆ ಉತ್ತರ ತಪ್ಪಿದರೂ ಅನುಪಾತ ಎಷ್ಟು ಚೆನ್ನಾಗಿದ್ದರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಸದಸ್ಯ ಮಿತ್ರರು ಈ ವರ್ಷದ ಲೆಕ್ಕಪತ್ರಗಳನ್ನು ಮುಗಿಸುವಾಗ ತಮ್ಮ ಗೋದಾಮಿನಲ್ಲಿರುವ ಅತಿ ಹಳೆಯ ಸರಕಿನ ಮುಂದೆ ಒಮ್ಮೆ ನಿಂತು, ಅದು ಮಾಗುತ್ತಿದೆಯೋ ಕೊಳೆಯುತ್ತಿದೆಯೋ ಎಂಬುದನ್ನು ತಾವೇ ನೋಡಬೇಕು. ಅನುಪಾತದ ಪಟ್ಟಿ ಇದನ್ನು ಹೇಳುವುದಿಲ್ಲ. ನಾನು ಅಂದು ಆ ಸಾಹುಕಾರರ ಗೋದಾಮಿಗೆ ಹೋಗಿ, ಒಂದು ಹಿಡಿ ಅಕ್ಕಿಯನ್ನು ಬೇಯಿಸಿ ನೋಡದೆ, ಪಟ್ಟಿಯನ್ನು ಮಾತ್ರ ನೋಡಿದ್ದೆ.